ಮಗು ಮಾತಾಡಲಿ, ನೀವು ಸ್ವಲ್ಪ ಸುಮ್ಮನಿರಿ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಮೇಲೆ ದೊಡ್ಡಬಳ್ಳಾಪುರದ ಯಾವ ಪಿಯು ಕಾಲೇಜಿನ ಅಡ್ಮಿಷನ್ ಕಿಟಕಿಯ ಹತ್ತಿರ ನಿಂತರೂ ಒಂದು ನೋಟ ಕಣ್ಣಿಗೆ ಬೀಳುತ್ತದೆ. ಒಳಗೆ ಕೂತವರು ಹುಡುಗಿಯ ಮುಖ ನೋಡಿ "ಏನು ತಗೋಬೇಕು ಅಂತಿದ್ದೀಯಮ್ಮ, ಸೈನ್ಸಾ, ಕಾಮರ್ಸಾ?" ಎಂದು ಕೇಳುತ್ತಾರೆ. "ಸೈನ್ಸೇ ಸಾರ್" ಎಂದು ಉತ್ತರ ಬರುವುದು ಪಕ್ಕದಲ್ಲಿ ನಿಂತ ಅಪ್ಪನ ಬಾಯಿಂದ. "ಯಾವ ಸ್ಕೂಲು?" ಎಂದರೆ ಅಮ್ಮ ಹೇಳುತ್ತಾರೆ. "ಹೆಸರು?" ಎಂದರೂ ಅಪ್ಪನೇ. ಹುಡುಗಿಯ ಅಂಕಪಟ್ಟಿಯಲ್ಲಿ ಶೇ 90ರ ಮೇಲಿದೆ. ಆಕೆ ಮಾತ್ರ ವೇಲಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ನೆಲ ನೋಡುತ್ತಿರುತ್ತಾಳೆ.

ಮಧುರೆ ಹೋಬಳಿಯ ತಂದೆತಾಯಂದಿರಿಗೆ ಈ ಮಾತು ಹೇಳಲೇಬೇಕು ಅನ್ನಿಸಿದ್ದು ಇಂಥವನ್ನು ನೋಡೀ ನೋಡೀ. ನಿಮ್ಮ ಪ್ರೀತಿಯಲ್ಲಿ ಕೊರತೆಯಿಲ್ಲ. ರಾಗಿ ಮಾರಿಯೋ, ಹಸು ಸಾಕಿಯೋ, ಮಗ್ಗ ತಿರುಗಿಸಿಯೋ ಫೀಸು ಕಟ್ಟುತ್ತೀರಿ, ಟ್ಯೂಷನ್‌ಗೆ ಕಳಿಸುತ್ತೀರಿ, ಮಗು ಓದುತ್ತಿದ್ದರೆ ಟಿವಿ ಆರಿಸುತ್ತೀರಿ. ಆದರೆ ಜನರ ಮುಂದೆ ನಿಂತು ಎರಡು ಮಾತು ನೆಟ್ಟಗೆ ಆಡುವುದು, ಇನ್ನೊಬ್ಬರು ಹೇಳುವುದನ್ನು ಪೂರ್ತಿ ಕೇಳುವುದು, ಗೊತ್ತಿಲ್ಲದ್ದನ್ನು ನಾಚಿಕೆಪಡದೆ ಕೇಳುವುದು, ತಪ್ಪಾದರೆ ಒಪ್ಪಿಕೊಳ್ಳುವುದು, ಸೋತಾಗ ಕುಸಿಯದಿರುವುದು, ನಾಲ್ಕು ಜನರ ಜೊತೆ ಹೊಂದಿಕೊಂಡು ಕೆಲಸ ಮಾಡುವುದು, ಇವನ್ನೂ ಕಲಿಸಬೇಕು ಎಂಬುದು ನಿಮ್ಮ ಲೆಕ್ಕದಲ್ಲೇ ಇಲ್ಲ. ಕಾಲೇಜಿನವರು ಇದನ್ನು ಸಾಫ್ಟ್ ಸ್ಕಿಲ್ಸ್ ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲೇ ಇಂಥ ಹತ್ತು ಜೀವನ ಕೌಶಲಗಳ ಪಟ್ಟಿ ಮಾಡಿ, ಇವನ್ನು ಶಾಲೆಯಲ್ಲೇ ಕಲಿಸಿ ಎಂದು ಹೇಳಿತು. ಬೆಂಗಳೂರಿನ ನಿಮ್ಹಾನ್ಸ್‌ನವರು ಹೈಸ್ಕೂಲು ಮೇಷ್ಟ್ರುಗಳೇ ಮಕ್ಕಳಿಗೆ ಇದನ್ನು ಹೇಳಿಕೊಡುವಂಥ ಪಾಠಕ್ರಮ ಮಾಡಿಕೊಟ್ಟರು. ಯುಜಿಸಿ 2019ರಲ್ಲಿ 'ಜೀವನ್ ಕೌಶಲ್' ಎಂಬ ಹೆಸರಿನಲ್ಲಿ ಡಿಗ್ರಿಗೂ ತಂದಿತು. ಅಂದರೆ ತಿಳಿದವರೆಲ್ಲ ಹೇಳಿ ಬಹಳ ಕಾಲವಾಯಿತು. ನಾವು ಕಿವಿಗೆ ಹಾಕಿಕೊಳ್ಳುವುದೊಂದು ಬಾಕಿ.

ನಮ್ಮ ಕಡೆಯವರಿಗಂತೂ ಇನ್ನು ತಡಮಾಡಿದರೆ ಆಗದು. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂತು. ಬಾಶೆಟ್ಟಿಹಳ್ಳಿಯಲ್ಲಿ ಕಾರ್ಖಾನೆಗಳು, ದೊಡ್ಡಬಳ್ಳಾಪುರದಲ್ಲಿ ಅಪೆರಲ್ ಪಾರ್ಕ್, ಈಗ ದೇವನಹಳ್ಳಿ ಮಗ್ಗುಲಲ್ಲಿ ಫಾಕ್ಸ್‌ಕಾನ್‌ನ ಐಫೋನ್ ಕಾರ್ಖಾನೆ. ಬಸ್ಸಿನಲ್ಲಿ ಹೋಗಿಬರುವ ದೂರದಲ್ಲೇ ಕೆಲಸವಿದೆ. ಆ ಕೆಲಸಕ್ಕೆ ಕರೆದವರು ಅಂಕಪಟ್ಟಿಯನ್ನು ಒಂದು ಕ್ಷಣ ನೋಡಿ ಮಗುಚಿಟ್ಟು, "ನಿಮ್ಮ ಬಗ್ಗೆ ಹೇಳಿ" ಅನ್ನುತ್ತಾರೆ. ಆಗ ಉತ್ತರ ಹೇಳಲು ಅಪ್ಪ ಪಕ್ಕದಲ್ಲಿರುವುದಿಲ್ಲ. ಕೆಲಸ ಸಿಕ್ಕ ಮೇಲೂ ಅಷ್ಟೆ. ಮೆಷಿನ್ ಕೆಟ್ಟರೆ ಸೂಪರ್‌ವೈಸರಿಗೆ ಸರಿಯಾಗಿ ಹೇಳಬೇಕು, ಬಿಹಾರದಿಂದಲೋ ಒಡಿಶಾದಿಂದಲೋ ಬಂದವರ ಪಕ್ಕದಲ್ಲಿ ನಿಂತು ದುಡಿಯಬೇಕು, ಬೈದರೆ ಸಹಿಸಬೇಕು, ಅನ್ಯಾಯವಾದರೆ ಸಹಿಸದೆ ಕೇಳಬೇಕು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ಹಿರಿಯರು ಹೇಳಿದ್ದನ್ನು ಇಲ್ಲಿ ನೆನೆಯಬೇಕು.

"ಡಿಗ್ರಿ ಮುಗಿಸಲಿ, ಆಮೇಲೆ ಯಾವುದಾದರೂ ಟ್ರೇನಿಂಗ್‌ಗೆ ಹಾಕಿದರಾಯಿತು" ಎಂದು ಮುಂದಕ್ಕೆ ಹಾಕಬೇಡಿ. ಇಪ್ಪತ್ತು ವರ್ಷ ಬಾಯಿ ಮುಚ್ಚಿಸಿ ಬೆಳೆಸಿದ ಹುಡುಗನಿಗೆ ಮೂರು ದಿನದ ತರಬೇತಿಯಲ್ಲಿ ಟೈ ಕಟ್ಟುವುದನ್ನು ಕಲಿಸಬಹುದು, ಎದೆಗಾರಿಕೆ ಕಲಿಸಲಾಗದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಎಲ್ಲಿಂದ ಶುರು ಮಾಡಬೇಕು ಎಂದು ಕೇಳುತ್ತೀರೇನೋ. ನಿಮ್ಮೂರಿನ ಹಾಲಿನ ಡೈರಿಯಿಂದ ಮಾಡಿ. ಬೆಳಿಗ್ಗೆ ಕ್ಯಾನು ಕೊಟ್ಟು ಮಗುವನ್ನು ಕಳಿಸುತ್ತೀರಿ ತಾನೇ? ಅದು ಹಾಲು ಹಾಕಿ, ಚೀಟಿ ಜೇಬಿಗೆ ತುರುಕಿಕೊಂಡು ಓಡಿ ಬರುತ್ತದೆ. ಫ್ಯಾಟ್ ಕಡಿಮೆ ಬಂದಿದ್ದರೆ ಮನೆಯಲ್ಲಿ ನೀವು ಕೂಗಾಡುತ್ತೀರಿ, ಇಲ್ಲವೇ ನೀವೇ ಹೋಗಿ ಡೈರಿಯವರ ಮೇಲೆ ಜಗಳಕ್ಕೆ ನಿಲ್ಲುತ್ತೀರಿ. ಎರಡೂ ಬೇಡ. ಮಗುವಿಗೆ ಮೊದಲು ಆ ಚೀಟಿ ಓದಲು ಹೇಳಿಕೊಡಿ. ಲೀಟರ್ ಎಷ್ಟು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು, ಅದರ ಮೇಲೆ ದರ ಹೇಗೆ ಬೀಳುತ್ತದೆ ಎಂದು ತೋರಿಸಿ. ಆಮೇಲೆ ನಾಳೆ ಬೆಳಿಗ್ಗೆ ಅದೇ ಹೋಗಿ ಕೇಳಲಿ: "ಅಣ್ಣಾ, ನಿನ್ನೆಗಿಂತ ಇವತ್ತು ಫ್ಯಾಟ್ ಕಮ್ಮಿ ಬಂದಿದೆಯಲ್ಲ, ಯಾಕೆ?" ಮೊದಲ ದಿನ ದನಿ ಹೊರಡುವುದಿಲ್ಲ. ಡೈರಿಯವರು ಕ್ಯಾನು ಸುರಿಯುವ ಗಡಿಬಿಡಿಯಲ್ಲಿ ಕೇಳಿಸಿಕೊಳ್ಳದೆಯೂ ಇರಬಹುದು. ಹಿಂದೆ ನಿಂತವರು "ಬೇಗ ಸರಿಯೋ" ಅನ್ನಬಹುದು. ಆದರೂ ನೀವು ಹಿಂದೆ ಓಡಬೇಡಿ. ಸರತಿ ಮುಗಿಯುವ ತನಕ ಪಕ್ಕದಲ್ಲಿ ನಿಂತು, ಅವರ ಕೈ ಖಾಲಿಯಾದಾಗ ಮತ್ತೆ ಕೇಳು ಎಂದು ಹೇಳಿ ಕಳಿಸಿ. ಅವರು ಮೇವು ಬದಲಾಯಿಸಿದ್ದೀರಾ, ಕರು ಎಷ್ಟು ಕುಡಿಯಿತು ಎಂದು ತಿರುಗಿ ಕೇಳುತ್ತಾರೆ. ಮಗು ಉತ್ತರ ಕೊಡುತ್ತದೆ, ಗೊತ್ತಿಲ್ಲದಿದ್ದರೆ ಮನೆಗೆ ಬಂದು ನಿಮ್ಮನ್ನು ಕೇಳುತ್ತದೆ. ಹೀಗೆ ನಾಲ್ಕು ದಿನ ನಡೆದರೆ ಕಾಯುವುದು, ಮರ್ಯಾದೆಯಿಂದ ಕೇಳುವುದು, ಎದುರಿನವರ ಕಷ್ಟ ನೋಡುವುದು, ಲೆಕ್ಕ ಪಕ್ಕಾ ಇಟ್ಟುಕೊಳ್ಳುವುದು ಎಲ್ಲ ಅಲ್ಲೇ ಆಯಿತು. ಒಂದು ರೂಪಾಯಿ ಫೀಸಿಲ್ಲ.

ಬಸ್ಸಿನಲ್ಲೂ ಹಾಗೆಯೇ. ಕಂಡಕ್ಟರು ಟಿಕೆಟ್ಟಿನ ಹಿಂದೆ ಚಿಲ್ಲರೆ ಬರೆದುಕೊಟ್ಟರೆ ಇಳಿಯುವ ಮುಂಚೆ ಅದನ್ನು ಕೇಳಿ ತೆಗೆದುಕೊಳ್ಳುವ ಕೆಲಸ ಮಗುವಿನದಾಗಲಿ. ಬ್ಯಾಂಕಿನ ಚಲನ್ ಅದೇ ತುಂಬಲಿ. ನಾಳೆ ರಜೆ ಬೇಕಿದ್ದರೆ ಮೇಷ್ಟ್ರಿಗೆ ನೀವು ಫೋನು ಮಾಡಬೇಡಿ, ಅದೇ ಕಾರಣ ಹೇಳಿ ಕೇಳಲಿ. ನೆಂಟರು ಬಂದರೆ "ಹಾಡು ಹೇಳು, ಮಗ್ಗಿ ಹೇಳು" ಎಂದು ಪ್ರದರ್ಶನಕ್ಕೆ ನಿಲ್ಲಿಸುವುದನ್ನು ಬಿಡಿ. ನೀರು ಕೊಟ್ಟು, "ಹೇಗಿದ್ದೀರಿ ಅತ್ತೆ, ಪ್ರಯಾಣ ಚೆನ್ನಾಗಿತ್ತಾ?" ಎಂದು ವಿಚಾರಿಸಿದರೆ ಸಾಕು.

ಇನ್ನೊಂದು ತಪ್ಪು ತಿಳಿವಳಿಕೆ ಇದೆ, ಅದನ್ನು ಇವತ್ತೇ ಬಿಡಿ. ಮಾತು ಕಲಿಸುವುದೆಂದರೆ ಇಂಗ್ಲಿಷ್ ಕಲಿಸುವುದು ಎಂದುಕೊಂಡಿದ್ದೀರಿ. ಇಂಗ್ಲಿಷ್ ಬೇಕು, ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಕನ್ನಡದಲ್ಲಿ ತನ್ನ ಮನಸ್ಸಿನಲ್ಲಿರುವುದನ್ನು ಒಂದು ಕ್ರಮದಲ್ಲಿ ಹೇಳಲಾಗದ ಮಗು ಇಂಗ್ಲಿಷಿನಲ್ಲಿ ಹೇಳೀತು ಎಂದು ಹೇಗೆ ನಂಬುತ್ತೀರಿ? ನಮ್ಮ ಸೀಮೆಯಲ್ಲಿ ಎಷ್ಟೋ ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು. ಮಕ್ಕಳು ಮೂರರಲ್ಲೂ ಸಲೀಸಾಗಿ ಓಡಾಡುತ್ತವೆ. ಆ ಸಂಪತ್ತನ್ನು ನಾಚಿಕೆಯ ವಿಷಯ ಮಾಡಬೇಡಿ. ಯಾವ ಭಾಷೆಯಾದರೂ ಸರಿ, ರಾತ್ರಿ ಊಟಕ್ಕೆ ಕೂತಾಗ ಇವತ್ತು ಏನಾಯಿತು ಎಂದು ಮೊದಲಿಂದ ಕೊನೆಯವರೆಗೆ ಹೇಳಲು ಬಿಡಿ. ಮಧ್ಯದಲ್ಲಿ "ಅದಿರಲಿ, ಹೋಂವರ್ಕ್ ಮಾಡಿದೆಯಾ?" ಎಂದು ಕತ್ತರಿ ಹಾಕಬೇಡಿ.

ಹೇಳಲು ಬಿಟ್ಟರೆ ಸಾಲದು, ಕೇಳಿಸಿಕೊಳ್ಳಬೇಕು. ನೀವು ಕೇಳಿಸಿಕೊಂಡರೆ ತಾನೇ ಮಗು ಕೇಳಿಸಿಕೊಳ್ಳುವುದನ್ನು ಕಲಿಯುವುದು? ಮಗ್ಗದ ಮನೆಗಳ ಕಷ್ಟ ನನಗೆ ಗೊತ್ತಿದೆ. ಒಳಗೆ ಮಗ್ಗ ಓಡುತ್ತಿದ್ದರೆ ಕೂಗಿ ಹೇಳದೆ ಕೇಳಿಸದು, ಮಕ್ಕಳೂ ಕೂಗಿಯೇ ಮಾತಾಡುವುದನ್ನು ಕಲಿಯುತ್ತವೆ. ಶಾಲೆಯಲ್ಲಿ ಅದೇ ದನಿಯಲ್ಲಿ ಮಾತಾಡಿದರೆ ಮಿಸ್ಸು ಜಗಳಗಂಟ ಅನ್ನುತ್ತಾರೆ. ಅಂಥ ಮನೆಯವರು ಕರೆಂಟು ಹೋದ ಹೊತ್ತನ್ನು ಬಿಡಬೇಡಿ. ಮಗ್ಗ ನಿಂತಾಗ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಮೆಲ್ಲಗೆ ಮಾತಾಡಿ. ಮಗ್ಗವಿಲ್ಲದ ಮನೆಯವರು ಬೀಗಬೇಡಿ. ನಿಮ್ಮ ಕೈಯಲ್ಲಿ ಮೊಬೈಲಿದೆ. ಮಗು ಮಾತಾಡುತ್ತಿರುವಾಗ ಅದರ ಮುಖ ನೋಡದೆ ರೀಲ್ಸ್ ತಿರುಗಿಸುತ್ತಾ "ಹ್ಞೂಂ, ಹ್ಞೂಂ" ಅನ್ನುವುದು ಸದ್ದಿಗಿಂತ ಕೆಟ್ಟದ್ದು. ಫೋನನ್ನು ಬೋರಲು ಹಾಕಿಡಿ.

ಪ್ರಶ್ನೆ ಕೇಳಿದರೆ "ತಲೆಹರಟೆ" ಎಂದು ಗದರುವ ಅಭ್ಯಾಸವೂ ಹೋಗಲಿ. ನಮ್ಮ ಪಕ್ಕದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗ ಎಚ್. ನರಸಿಂಹಯ್ಯನವರು ಓದಿನ ಆಸೆಗೆ ಬೆಂಗಳೂರಿಗೆ ನಡೆದೇ ಹೋದವರು. ಮುಂದೆ ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಜೀವಮಾನವೆಲ್ಲ ಮಕ್ಕಳಿಗೆ ಅವರು ಹೇಳಿದ್ದು, ಪ್ರಶ್ನೆ ಮಾಡದೆ ಏನನ್ನೂ ಒಪ್ಪಬೇಡಿ ಎಂದು. ನಿಮಗೆ ಉತ್ತರ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ ಕಂದ, ಯಾರನ್ನು ಕೇಳೋಣ ಹೇಳು" ಅನ್ನಿ. ಅದರಿಂದ ನಿಮ್ಮ ಗೌರವ ಕಡಿಮೆಯಾಗುವುದಿಲ್ಲ.

ಹೆಣ್ಣುಮಕ್ಕಳ ಅಮ್ಮಂದಿರೇ, ನಿಮಗೊಂದು ಬೇರೆ ಮಾತಿದೆ. "ಹೆಣ್ಣು ಹುಡುಗಿ, ಬಾಯಿ ಮುಚ್ಚಿಕೊಂಡಿರು" ಎಂದು ದಿನಕ್ಕೆ ಹತ್ತು ಸಲ ಹೇಳುತ್ತೀರಿ. ಮುಚ್ಚಿಸಿದ ಬಾಯಿ ಬೇಕೆಂದಾಗ ತೆರೆಯುವುದಿಲ್ಲ. ಬಸ್ಸಿನಲ್ಲಿ ಯಾರೋ ಮೈಗೆ ತಾಗಿ ನಿಂತಾಗ "ದೂರ ನಿಲ್ಲಿ" ಎಂದು ಗಟ್ಟಿಯಾಗಿ ಹೇಳುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿಸಿ. "ಬೇಡ" ಅನ್ನುವ ಹಕ್ಕು ತನಗಿದೆ, ಮನೆಯವರಿಗೆ ಹೇಳಿದರೆ ನಂಬುತ್ತಾರೆ ಎಂಬ ಧೈರ್ಯ ಹೆಣ್ಣು ಗಂಡು ಇಬ್ಬರಿಗೂ ಇರಬೇಕು. ಮಕ್ಕಳ ಸಹಾಯವಾಣಿ 1098 ಎಂಬುದನ್ನು ನಿಮ್ಮ ಫೋನ್ ನಂಬರಿನ ಜೊತೆಗೇ ಬಾಯಿಪಾಠ ಮಾಡಿಸಿ. ಗಂಡುಮಕ್ಕಳ ಅಮ್ಮಂದಿರು ಉಂಡ ತಟ್ಟೆಯನ್ನು ಅವರಿಂದಲೇ ತೊಳೆಸಿ. ಅಕ್ಕ ಅಥವಾ ತಂಗಿ ತೊಳೆಯಲಿ ಎಂದು ಎದ್ದು ಹೋಗುವ ಹುಡುಗ ನಾಳೆ ಕಾರ್ಖಾನೆಯಲ್ಲಿ ಹೆಣ್ಣುಮಗಳೊಬ್ಬಳು ಸೂಪರ್‌ವೈಸರಾಗಿ ಬಂದರೆ ಅವಳ ಮಾತು ಕೇಳಲು ಒದ್ದಾಡುತ್ತಾನೆ. ಅಳು ಬಂದರೆ ಅಳಲಿ, "ಗಂಡಸಾಗಿ ಅಳ್ತೀಯಾ" ಅನ್ನಬೇಡಿ.

ಸೋಲಿನ ವಿಷಯಕ್ಕೆ ಬಂದರೆ ನೀವೇ ಮಕ್ಕಳಿಗಿಂತ ಹೆಚ್ಚು ಕುಸಿಯುತ್ತೀರಿ. ಕಬಡ್ಡಿಯಲ್ಲಿ ಸೋತು ಬಂದರೆ ರೆಫರಿ ಸರಿಯಿಲ್ಲ ಅನ್ನುತ್ತೀರಿ. ಅಂಕ ಕಡಿಮೆ ಬಂದರೆ ಪಕ್ಕದ ಮನೆಯ ಮಗುವಿನ ಹೆಸರು ಹೇಳಿ ಚುಚ್ಚುತ್ತೀರಿ. 2024ರಿಂದ ಎಸ್‌ಎಸ್‌ಎಲ್‌ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಮಾಡಿದ್ದಾರೆ, ಒಂದರಲ್ಲಿ ಆಗದಿದ್ದರೆ ಇನ್ನೊಂದು. ಸರ್ಕಾರವೇ ಎರಡನೇ ಅವಕಾಶ ಕೊಟ್ಟಿರುವಾಗ ಹೆತ್ತವರು ಕೊಡದಿದ್ದರೆ ಹೇಗೆ? ಫಲಿತಾಂಶದ ದಿನ ಮಗುವನ್ನು ಒಂಟಿಯಾಗಿ ಬಿಡಬೇಡಿ, ಮೊದಲು ಊಟ ಹಾಕಿ, ಮಾತು ಆಮೇಲೆ. ನಾಲ್ಕಾರು ದಿನವಾದರೂ ಮಂಕು ಹೋಗದಿದ್ದರೆ, ನಿದ್ದೆ ಊಟ ಬಿಟ್ಟರೆ, 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ, 2022ರಿಂದ ಇದೆ, ಹಣ ಕೇಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಿಟ್ಟಿಗೂ ಇದೇ ಎಚ್ಚರ ಬೇಕು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದಾಗ ಬರುವುದಿಲ್ಲ ಎಂಬುದನ್ನು ಮಕ್ಕಳಿಗೆ ಹೇಳುವ ಮುಂಚೆ ಗಂಡಹೆಂಡತಿ ಜಗಳದಲ್ಲಿ ನೀವೇ ಪಾಲಿಸಿ ತೋರಿಸಿ. ಜಗಳವಾಡಬೇಡಿ ಎಂದು ಹೇಳಿದರೆ ಸುಳ್ಳಾಗುತ್ತದೆ. ಜಗಳವಾಡಿದ ಮೇಲೆ ರಾಜಿಯಾಗುವುದನ್ನೂ ಮಕ್ಕಳ ಮುಂದೆಯೇ ಮಾಡಿ.

ಟಿ.ಪಿ. ಕೈಲಾಸಂ ನೂರು ವರ್ಷದ ಹಿಂದೆಯೇ 'ಟೊಳ್ಳುಗಟ್ಟಿ' ನಾಟಕದಲ್ಲಿ ಈ ವಿಷಯ ಎತ್ತಿದರು. ಮನೆಯಲ್ಲಿ ಇಬ್ಬರು ಗಂಡುಮಕ್ಕಳು. ಒಬ್ಬ ಪರೀಕ್ಷೆಯಲ್ಲಿ ಮುಂದು, ಇನ್ನೊಬ್ಬ ಓದಿನಲ್ಲಿ ಹಿಂದು, ಆದರೆ ಮನೆಯವರ ಕಷ್ಟಕ್ಕೆ ಆಗುವವನು. ಮನೆಗೆ ಬೆಂಕಿ ಬಿದ್ದಾಗ ಯಾರು ಟೊಳ್ಳು, ಯಾರು ಗಟ್ಟಿ ಎಂಬುದು ಬಯಲಾಗುತ್ತದೆ. ನಿಮ್ಮೂರ ಶಾಲೆಯ ವಾರ್ಷಿಕೋತ್ಸವಕ್ಕೆ ಸಿನಿಮಾ ಹಾಡಿನ ಡ್ಯಾನ್ಸಿನ ಜೊತೆ ಇಂಥದ್ದೊಂದನ್ನೂ ಆಡಿಸಿ ನೋಡಿ. ನಾಟಕವೆಂದರೆ ಇನ್ನೊಬ್ಬರ ಜಾಗದಲ್ಲಿ ನಿಂತು ಮಾತಾಡುವುದು. ಸಂಕೋಚದ ಮಕ್ಕಳು ಅಲ್ಲಿ ಅರಳುವಷ್ಟು ಬೇರೆಲ್ಲೂ ಅರಳುವುದಿಲ್ಲ.

ಸರ್ಕಾರಿ ಶಾಲೆಯ ಬಗ್ಗೆ ದೂರುವವರಿಗೂ ಸ್ವಲ್ಪ ಹೇಳಬೇಕು. ಒಂದನೇ ಕ್ಲಾಸಿನ ಮಕ್ಕಳು ನೆಲದ ಮೇಲೆ ಸುತ್ತ ಕೂತಿದ್ದನ್ನು ಕಂಡು "ಇದೇನು ಆಟ ಆಡಿಸ್ತಾರೆ, ಬೆಂಚಿಲ್ಲವಾ?" ಎಂದು ಮೂಗು ಮುರಿಯುತ್ತೀರಿ. ಅದು ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು ನಮ್ಮಲ್ಲಿ ಶುರು ಮಾಡಿದ್ದು, ಆಮೇಲೆ ರಾಜ್ಯದ ಕನ್ನಡ ಶಾಲೆಗಳಿಗೆಲ್ಲ ಬಂತು. ಅಲ್ಲಿ ಮಕ್ಕಳು ತಟ್ಟೆಗಳಾಗಿ, ಅಂದರೆ ಗುಂಪುಗಳಾಗಿ ಕೂರುತ್ತಾರೆ. ಒಂದು ಗುಂಪಿಗೆ ಮೇಷ್ಟ್ರ ನೆರವು, ಒಂದಕ್ಕೆ ಗೆಳೆಯರ ನೆರವು, ಒಂದು ಗುಂಪು ತಾನೇ ಕಲಿಯುತ್ತದೆ. ಏಳು ವರ್ಷದ ಹುಡುಗಿ ಆರು ವರ್ಷದವನಿಗೆ ಅಕ್ಷರ ತಿದ್ದಿಸುವುದನ್ನು, ಅವನಿಗೆ ಬರುವ ತನಕ ಕಾಯುವುದನ್ನು ಅಲ್ಲಿ ನೋಡಬಹುದು. ಎಷ್ಟು ಫೀಸು ಕಟ್ಟಿದರೂ ಸಿಗದ ಪಾಠವದು. ಬೇಸರವೆಂದರೆ ನಾಲ್ಕನೇ ಕ್ಲಾಸಿಗೆ ಬರುತ್ತಲೇ ಮತ್ತೆ ಬೆಂಚು, ಮತ್ತೆ "ಕೈಕಟ್, ಬಾಯ್ಮುಚ್". ಮೇಷ್ಟ್ರುಗಳೇ, ವಾರಕ್ಕೆರಡು ಪಾಠವನ್ನಾದರೂ ದೊಡ್ಡ ತರಗತಿಗಳಲ್ಲೂ ಗುಂಪಿನಲ್ಲಿ ಮಾಡಿ. ಸಿಲಬಸ್ ಮುಗಿಯುವುದಿಲ್ಲ ಎಂಬ ನಿಮ್ಮ ಕಷ್ಟ ನಿಜ, ಗಣತಿ, ಚುನಾವಣೆ, ಊಟದ ಲೆಕ್ಕ ಎಲ್ಲ ನಿಮ್ಮ ತಲೆಯ ಮೇಲೇ ಇದೆ. ಆದರೂ ಎಸ್‌ಎಸ್‌ಎಲ್‌ಸಿಯಲ್ಲಿ 100 ಅಂಕದ ವಿಷಯಕ್ಕೆ 20 ಅಂಕ ಆಂತರಿಕ ಮೌಲ್ಯಮಾಪನದ್ದು, ಅದು ನಿಮ್ಮ ಕೈಯಲ್ಲಿದೆ. ಎಲ್ಲರಿಗೂ ಕಣ್ಣುಮುಚ್ಚಿ 19, 20 ಹಾಕಿ ಕಳಿಸುವ ಬದಲು ಆ ಚಟುವಟಿಕೆಗಳನ್ನು ನಿಜವಾಗಿ ಮಾಡಿಸಿ. ಪ್ರಾಜೆಕ್ಟನ್ನು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ಹಾಕಿಸಿಕೊಂಡು ಬಂದರೆ ವಾಪಸ್ಸು ಕಳಿಸಿ. ಊರ ಕೆರೆಯ ಬಗ್ಗೆ ನಾಲ್ಕು ಜನ ಹಿರಿಯರನ್ನು ಮಾತಾಡಿಸಿ ಬರೆದುಕೊಂಡು ಬನ್ನಿ ಎಂದು ಹೇಳಿ.

ಪಂಚಾಯಿತಿಯವರು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ಮಾಡಬೇಕೆಂಬ ನಿಯಮವಿದೆ. ಪಿಡಿಒ, ಅಧ್ಯಕ್ಷರು, ಇಲಾಖೆಯವರು ಎದುರಿಗೆ ಕೂತಿರುತ್ತಾರೆ, ಮಕ್ಕಳು ಎದ್ದು ತಮಗೇನು ಬೇಕೆಂದು ಕೇಳಬೇಕು. ಇಂಥ ಅವಕಾಶ ನಮ್ಮ ಕಾಲದಲ್ಲಿ ಎಲ್ಲಿತ್ತು? ಆದರೆ ಎಷ್ಟೋ ಕಡೆ ನಡೆಯುವುದೇನು? ದೊಡ್ಡವರು ಬರೆದುಕೊಟ್ಟ ಚೀಟಿ ಹಿಡಿದು ಮಗು ಓದುತ್ತದೆ, ಫೋಟೋ ತೆಗೆಯುತ್ತಾರೆ, ಬಿಸ್ಕತ್ತು ಹಂಚಿ ಕಳಿಸುತ್ತಾರೆ. ಚೀಟಿ ಬರೆದುಕೊಡಬೇಡಿ. ಸಭೆಗೆ ಒಂದು ವಾರ ಮುಂಚೆ ಮಕ್ಕಳೇ ಶಾಲೆಯ ಸುತ್ತ ಓಡಾಡಿ ನೋಡಲಿ. ಶೌಚಾಲಯದಲ್ಲಿ ನೀರು ಬರುತ್ತದೆಯೇ, ಹೆಣ್ಣುಮಕ್ಕಳು ನಡೆದು ಬರುವ ದಾರಿಯಲ್ಲಿ ದೀಪ ಉರಿಯುತ್ತದೆಯೇ, ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಬರೆದುಕೊಳ್ಳಲಿ. ಯಾವುದನ್ನು ಮೊದಲು ಕೇಳಬೇಕೆಂದು ಅವರವರೇ ವಾದ ಮಾಡಿ ತೀರ್ಮಾನಿಸಲಿ. ಸಭೆಯಲ್ಲಿ ತಡವರಿಸಿದರೆ ತಡವರಿಸಲಿ, ಮೇಷ್ಟ್ರು ಎದ್ದು ವಾಕ್ಯ ಮುಗಿಸುವುದು ಬೇಡ. ಮುಂದಿನ ವರ್ಷ ಅದೇ ಮಕ್ಕಳು "ಹೋದ ಸಲ ಹೇಳಿದ ದೀಪ ಎಲ್ಲಿ ಸಾರ್?" ಎಂದು ಕೇಳಿದರೆ ಪಂಚಾಯಿತಿಯವರು ಮುನಿಸಿಕೊಳ್ಳಬಾರದು, ಉತ್ತರ ಕೊಡಬೇಕು.

ನಮ್ಮ ಮಧುರೆಯ ಶನಿಮಹಾತ್ಮನ ಗುಡಿಯೂ ದೊಡ್ಡ ಶಾಲೆಯೇ. ಶ್ರಾವಣದ ಶನಿವಾರಗಳಲ್ಲಿ ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಸಾಲು ರಸ್ತೆಯವರೆಗೆ ಬೆಳೆಯುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಿ ಗುರುತಿನವರ ಹೆಸರು ಹೇಳಿ ಸಾಲು ತಪ್ಪಿಸಿ ಒಳಗೆ ನುಗ್ಗಬೇಡಿ. ಒಂದು ಸಲ ನುಗ್ಗಿದರೆ ಶಾಲೆಯಲ್ಲಿ ಆರು ತಿಂಗಳು ಹೇಳಿದ ಶಿಸ್ತಿನ ಪಾಠ ಅಲ್ಲೇ ಮಣ್ಣುಪಾಲು. ಬದಲಿಗೆ ಹೈಸ್ಕೂಲಿನ ಹುಡುಗ ಹುಡುಗಿಯರ ಗುಂಪು ಮಾಡಿ, ವಯಸ್ಸಾದವರಿಗೆ ನೀರು ಕೊಡಲು, ಚಪ್ಪಲಿ ಬಿಡುವ ಜಾಗ ತೋರಿಸಲು, ಊಟ ಬಡಿಸಲು ನಿಲ್ಲಿಸಿ. ಗೊತ್ತಿಲ್ಲದ ಜನರೊಡನೆ ನಗುಮುಖದಿಂದ ಮಾತಾಡುವುದು, ರೇಗಿದವರಿಗೆ ತಾಳ್ಮೆಯಿಂದ ಉತ್ತರ ಕೊಡುವುದು, ಕೆಲಸ ಹಂಚಿಕೊಳ್ಳುವುದು ಒಂದು ಶ್ರಾವಣದಲ್ಲಿ ಬಂದುಬಿಡುತ್ತದೆ.

ಕಡೆಯದಾಗಿ ಶಾಲೆಯ ಪೋಷಕರ ಸಭೆ. ಅಪ್ಪಂದಿರೂ ಹೋಗಬೇಕು, ಕೆಲಸವಿದೆ ಎಂದು ಅಮ್ಮನನ್ನೊಬ್ಬಳನ್ನೇ ಕಳಿಸಬೇಡಿ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿ, ಇರುವುದು ಕಾಂಪೌಂಡು ಕಟ್ಟಿಸುವುದಕ್ಕೆ, ಬಣ್ಣ ಹೊಡೆಸುವುದಕ್ಕೆ ಮಾತ್ರವಲ್ಲ, ಮಕ್ಕಳು ಏನು ಕಲಿಯುತ್ತಿವೆ ಎಂದು ಕೇಳುವುದಕ್ಕೂ. ಅಂಕದ ವಿಷಯ ಹೇಗೂ ಕೇಳುತ್ತೀರಿ, ಕೇಳಿ. ಅದು ಮುಗಿದ ಮೇಲೆ ಇನ್ನಷ್ಟು ಕೇಳಿ: ನನ್ನ ಮಗು ಕ್ಲಾಸಿನಲ್ಲಿ ಎದ್ದು ಮಾತಾಡುತ್ತದೆಯೇ? ಯಾರ ಜೊತೆ ಕೂತು ಊಟ ಮಾಡುತ್ತದೆ, ಯಾರನ್ನಾದರೂ ದೂರ ಇಡುತ್ತದೆಯೇ? ತಪ್ಪು ಮಾಡಿದಾಗ ಒಪ್ಪಿಕೊಳ್ಳುತ್ತದೆಯೇ, ಇನ್ನೊಬ್ಬರ ಮೇಲೆ ಹಾಕುತ್ತದೆಯೇ? ಮೇಷ್ಟ್ರು ಹೇಳಿದ್ದು ನಿಮಗೆ ಹಿಡಿಸದಿದ್ದರೂ ಅಲ್ಲೇ ಜಗಳಕ್ಕೆ ಇಳಿಯದೆ ಪೂರ್ತಿ ಕೇಳಿಸಿಕೊಳ್ಳಿ. ಮಗುವನ್ನು ಹೊರಗೆ ನಿಲ್ಲಿಸಬೇಡಿ, ಪಕ್ಕದಲ್ಲೇ ಕೂರಿಸಿಕೊಳ್ಳಿ. ಮೇಷ್ಟ್ರು ಅದನ್ನು ಏನಾದರೂ ಕೇಳಿದರೆ ಉತ್ತರ ಬರಲು ಎಷ್ಟು ಹೊತ್ತಾದರೂ ಸರಿ, ನೀವು ಬಾಯಿ ಹಾಕಬೇಡಿ.